ಕಾರಿನ ಡ್ಯಾಶ್‌ಬೋರ್ಡ್, ಕಪ್ಪು ಪ್ಲಾಸ್ಟಿಕ್ ಮತ್ತು ಟೈರಿಗೆ ಡ್ರೆಸ್ಸಿಂಗ್: ಕಡಿಮೆ ಖರ್ಚಿನಲ್ಲಿ ಸರಿಯಾದುದನ್ನು ಆರಿಸಿ ಹಚ್ಚುವ ವಿಧಾನ

ಕಾರಿನ ಬಣ್ಣ ಕೆಡಬಾರದೆಂದು ವ್ಯಾಕ್ಸ್, ಸೆರಾಮಿಕ್ ಕೋಟಿಂಗ್ ಎಂದು ಸಾವಿರಗಟ್ಟಲೆ ಸುರಿಯುವವರೂ ಡ್ಯಾಶ್‌ಬೋರ್ಡಿಗೆ, ಬಂಪರಿನ ಕಪ್ಪು ಪ್ಲಾಸ್ಟಿಕ್ಕಿಗೆ, ಟೈರಿಗೆ ಹಚ್ಚುವ ವಸ್ತುವನ್ನು ಮಾತ್ರ ಪೆಟ್ರೋಲ್ ಬಂಕಿನ ಕೌಂಟರಿನಲ್ಲಿ ಕೈಗೆ ಸಿಕ್ಕಂತೆ ಎತ್ತಿಕೊಂಡು ಬರುತ್ತಾರೆ. ಅಂಗಡಿಯವರ ಬಾಯಲ್ಲಿ ಇವು ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್. ಬಾಟಲಿಯ ಮೇಲೆ ಡ್ರೆಸ್ಸರ್, ಡ್ರೆಸ್ಸಿಂಗ್, ಪ್ರೊಟೆಕ್ಟೆಂಟ್, ಶೈನರ್ ಎಂದು ನಾನಾ ಹೆಸರು. ಈ ಬರಹದಲ್ಲಿ ಎಲ್ಲವನ್ನೂ ಡ್ರೆಸ್ಸಿಂಗ್ ಎಂದೇ ಕರೆದಿದ್ದೇನೆ. ಬೆಲೆ ಹೆಚ್ಚಿದ್ದರೆ ರಕ್ಷಣೆ ಹೆಚ್ಚು, ಮಿರುಗು ಹೆಚ್ಚಿದ್ದರೆ ಬಾಳಿಕೆ ಹೆಚ್ಚು ಎಂಬ ಎರಡು ನಂಬಿಕೆಗಳನ್ನು ಬದಿಗಿಟ್ಟರೆ ಆಯ್ಕೆ ತಾನಾಗಿ ಸುಲಭವಾಗುತ್ತದೆ. ಮನೆಯ ಒಂದು ಕಾರಿಗೆ ಎರಡು ಬಾಟಲಿ ಸಾಕು: ಒಳಭಾಗಕ್ಕೂ ಹೊರಗಿನ ಕಪ್ಪು ಪ್ಲಾಸ್ಟಿಕ್ಕಿಗೂ ಸೇರಿ ನೀರಿನಲ್ಲಿ ಬೆರೆಸಿದ, ಮಂದ ಹೊಳಪಿನ ಒಂದು, ಟೈರಿಗೆಂದು ಇನ್ನೊಂದು. ಇವೆರಡನ್ನು ಹೇಗೆ ಆರಿಸಬೇಕು, ಹೇಗೆ ಹಚ್ಚಬೇಕು ಎಂಬುದು ಮುಂದಿನ ವಿವರ.

ಮೊದಲ ಹೆಜ್ಜೆ: ಬಾಟಲಿಯೊಳಗೆ ಏನಿದೆ ಎಂದು ತಿಳಿಯುವುದು

ಬಹುಪಾಲು ಡ್ರೆಸ್ಸಿಂಗ್‌ಗಳ ಜೀವಾಳ ಸಿಲಿಕೋನ್ ಎಣ್ಣೆ. ರಸಾಯನಶಾಸ್ತ್ರದಲ್ಲಿ ಅದಕ್ಕೆ ಪಾಲಿಡೈಮಿಥೈಲ್‌ಸಿಲಾಕ್ಸೇನ್ ಎಂಬ ಉದ್ದದ ಹೆಸರಿದೆ. ರಬ್ಬರಿನೊಂದಿಗೂ ಪ್ಲಾಸ್ಟಿಕ್ಕಿನೊಂದಿಗೂ ಸುಲಭಕ್ಕೆ ವರ್ತಿಸದ, ಶಾಖಕ್ಕೆ ಬೇಗ ಕೆಡದ, ನೀರನ್ನು ಹತ್ತಿರ ಬಿಟ್ಟುಕೊಳ್ಳದ ದ್ರವ ಇದು. ಬರಿಯ ಎಣ್ಣೆಯನ್ನು ತೆಳುವಾಗಿ ಹರಡುವುದು ಕಷ್ಟವಾದ್ದರಿಂದ ಅದನ್ನು ಬೇರೊಂದು ದ್ರವದಲ್ಲಿ ಬೆರೆಸಿ ಮಾರುತ್ತಾರೆ, ಮತ್ತು ಆ ಬೇರೆ ದ್ರವ ಯಾವುದು ಎಂಬುದೇ ಗ್ರಾಹಕ ಕೇಳಬೇಕಾದ ಮೊದಲ ಪ್ರಶ್ನೆ.

ಒಂದು ಬಗೆಯಲ್ಲಿ ಆ ದ್ರವ ನೀರು. ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಬಿಟ್ಟಿರುವುದರಿಂದ ಇದು ನೋಡಲು ಹಾಲಿನಂತೆ ಬೆಳ್ಳಗಿರುತ್ತದೆ. ಹಚ್ಚಿದ ಮೇಲೆ ನೀರು ಆರಿಹೋಗಿ ತೆಳುವಾದ ಪೊರೆ ಉಳಿಯುತ್ತದೆ. ವಾಸನೆ ಕಡಿಮೆ, ಬೆಂಕಿಯ ಭಯವಿಲ್ಲ, ಹೊಳಪು ಹಿತಮಿತ. ಇನ್ನೊಂದು ಬಗೆಯಲ್ಲಿ ಆ ದ್ರವ ಪೆಟ್ರೋಲಿಯಂನಿಂದ ಬಂದ, ಸೀಮೆಎಣ್ಣೆಯ ಕುಲಕ್ಕೆ ಸೇರಿದ ದ್ರಾವಕ. ಇದು ಸಾಮಾನ್ಯವಾಗಿ ತಿಳಿಯಾಗಿ, ಎಣ್ಣೆಯಂತೆ ಕಾಣುತ್ತದೆ. ಹೊಳಪು ಕಣ್ಣು ಕುಕ್ಕುವಷ್ಟಿರುತ್ತದೆ. ಮಳೆಗೂ ಹೆಚ್ಚು ದಿನ ತಡೆಯುತ್ತದೆ. ಆದರೆ ಪೆಟ್ರೋಲಿಯಂ ದ್ರಾವಕಗಳು ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸಬಲ್ಲವು, ಮೇಲ್ಮೈಯಲ್ಲಿರುವ ರಕ್ಷಕ ಮೇಣವನ್ನು ಕರಗಿಸಬಲ್ಲವು. ಟೈರು ತೊಳೆಯಲು ಮೃದು ಸೋಪು ಮತ್ತು ನೀರನ್ನೇ ಬಳಸಿ, ಪೆಟ್ರೋಲಿಯಂ ವಸ್ತುಗಳನ್ನು ದೂರವಿಡಿ ಎಂದು ಟೈರು ತಯಾರಕರು ಹೇಳುವುದು ಇದೇ ಕಾರಣಕ್ಕೆ.

ಬಾಟಲಿಯ ಮೇಲೆ ಏನನ್ನೂ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗಾಜಿನ ಲೋಟದಲ್ಲಿ ಅರ್ಧ ನೀರು ತೆಗೆದುಕೊಂಡು ನಾಲ್ಕಾರು ಹನಿ ಡ್ರೆಸ್ಸಿಂಗ್ ಬಿಟ್ಟು ಕದಡಿ. ನೀರಿಡೀ ಬೆಳ್ಳಗೆ ಮಸುಕಾದರೆ ಅದು ನೀರಿನ ಬಗೆಯದು. ಹನಿಗಳು ಬೇರೆಯಾಗಿಯೇ ಉಳಿದು ಸ್ವಲ್ಪ ಹೊತ್ತಿಗೆ ಮೇಲೆದ್ದು ಎಣ್ಣೆಯ ತೆರೆಯಾಗಿ ನಿಂತರೆ ಅದು ದ್ರಾವಕದ ಬಗೆಯದು. ಡಬ್ಬದ ಮೇಲೆ ಬೆಂಕಿಯ ಚಿಹ್ನೆ ಇದ್ದರೆ, ಮುಚ್ಚಳ ತೆರೆದೊಡನೆ ಸೀಮೆಎಣ್ಣೆಯ ವಾಸನೆ ಬಂದರೆ ಲೋಟದ ಪರೀಕ್ಷೆಯೂ ಬೇಡ.

ಇನ್ನು ಬಿಸಿಲಿನ ನೇರಳಾತೀತ ಕಿರಣಗಳಿಂದ ರಕ್ಷಣೆ ಎಂಬ ಘೋಷಣೆ. ಇದಕ್ಕಾಗಿ ಹೆಚ್ಚು ಹಣ ಕೊಡುವ ಮುನ್ನ ಒಂದು ಸಂಗತಿ ಗಮನಿಸಬೇಕು. ಕಾರಿನ ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ ಲ್ಯಾಮಿನೇಟೆಡ್ ಗಾಜು. ಆ ಪದರವೇ ನೇರಳಾತೀತ ಕಿರಣಗಳ ಬಹುಭಾಗವನ್ನು ತಡೆಯುತ್ತದೆ. ಆದ್ದರಿಂದ ಡ್ಯಾಶ್‌ಬೋರ್ಡಿನ ಮೇಲ್ಭಾಗವನ್ನು ಹೆಚ್ಚಾಗಿ ಕಾಡುವುದು ಶಾಖ. ಬೇಸಿಗೆಯ ಮಧ್ಯಾಹ್ನ ಬಯಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ, ಮತ್ತು ಯಾವ ಡ್ರೆಸ್ಸಿಂಗೂ ಆ ಶಾಖವನ್ನು ಇಳಿಸಲಾರದು. ಅದಕ್ಕೆ ಮುಂದಿನ ಗಾಜಿಗೆ ಒಳಗಿನಿಂದ ಒರಗಿಸಿಡುವ ಬೆಳ್ಳಿ ಬಣ್ಣದ ಸನ್‌ಶೇಡ್ ಬೇಕು. ಡ್ಯಾಶ್‌ಬೋರ್ಡಿನ ಮಟ್ಟಿಗೆ ಅದೇ ಅಗ್ಗದ, ಅತ್ಯುತ್ತಮ ರಕ್ಷಕ. ಪಕ್ಕದ ಬಾಗಿಲುಗಳ ಗಾಜು ಸಾಮಾನ್ಯವಾಗಿ ಟೆಂಪರ್ಡ್, ಅಂದರೆ ನಡುವೆ ಪ್ಲಾಸ್ಟಿಕ್ ಪದರವಿಲ್ಲದ ಒಂದೇ ಹಾಳೆಯ ಗಾಜು ಆಗಿರುವುದರಿಂದ ಅಲ್ಲಿ ಕಿರಣಗಳು ಹೆಚ್ಚು ಒಳನುಗ್ಗುತ್ತವೆ. ಹೊರಗಿನ ಕಪ್ಪು ಪ್ಲಾಸ್ಟಿಕ್ಕಿಗಂತೂ ಯಾವ ಮರೆಯೂ ಇಲ್ಲ. ಕಿರಣ ತಡೆಯುವ ಅಂಶಕ್ಕೆ ಹಣ ಕೊಡುವುದಾದರೆ ಅದು ಹೊರಭಾಗಕ್ಕೆ ಸಲ್ಲಬೇಕು.

ಎರಡನೆಯ ಹೆಜ್ಜೆ: ಯಾವ ಜಾಗಕ್ಕೆ ಯಾವುದು

ಡ್ಯಾಶ್‌ಬೋರ್ಡಿಗೆ ಮಂದ ಹೊಳಪಿನದೇ ಆಗಬೇಕು. ಇದು ಅಂದದ ಮಾತಲ್ಲ, ಸುರಕ್ಷತೆಯ ಮಾತು. ಮಿರಿಮಿರಿ ಮಿಂಚುವ ಡ್ಯಾಶ್‌ಬೋರ್ಡ್ ಎದುರು ಬಿಸಿಲಿನಲ್ಲಿ ಮುಂದಿನ ಗಾಜಿನೊಳಗೆ ಪ್ರತಿಫಲಿಸಿ ರಸ್ತೆಯ ಮೇಲೊಂದು ಮಸುಕು ತೆರೆ ಎಳೆದಂತೆ ಮಾಡುತ್ತದೆ; ಸಂಜೆಯ ಇಳಿಬಿಸಿಲಿನಲ್ಲಿ ಪಶ್ಚಿಮಕ್ಕೆ ಗಾಡಿ ಓಡಿಸುವವರಿಗೆ ಇದರ ತೊಂದರೆ ಚೆನ್ನಾಗಿ ಗೊತ್ತು. ದ್ರಾವಕದ ಬಗೆಯನ್ನು ಒಳಗೆ ಬಳಸಿದರೆ ಇನ್ನೊಂದು ಉಪದ್ರವವಿದೆ: ಶಾಖಕ್ಕೆ ಆವಿಯಾದ ಅಂಶ ಗಾಜಿನ ಒಳಮೈಗೆ ಜಿಡ್ಡಾಗಿ ಅಂಟಿ, ರಾತ್ರಿ ಎದುರಿನ ವಾಹನದ ದೀಪ ಬಿದ್ದಾಗ ಗಾಜಿಡೀ ಹರಡಿಕೊಂಡು ಹೊಳೆಯುತ್ತದೆ. ಬಾಟಲಿಯ ಮೇಲೆ ಮ್ಯಾಟ್, ಸ್ಯಾಟಿನ್, ನ್ಯಾಚುರಲ್ ಫಿನಿಶ್ ಎಂಬ ಮಾತುಗಳಿದ್ದರೆ ಒಳಭಾಗಕ್ಕೆ ತಕ್ಕದ್ದು. ಹೈ ಗ್ಲಾಸ್, ವೆಟ್ ಲುಕ್ ಎಂದಿದ್ದರೆ ಅಲ್ಲೇ ಬಿಟ್ಟುಬಿಡಿ.

ಬಾಗಿಲಿನ ಪ್ಯಾಡುಗಳಿಗೂ ಇದೇ ಸಾಕು. ರೆಕ್ಸಿನ್ ಸೀಟಿಗೆ ಸಿಲಿಕೋನ್ ಡ್ರೆಸ್ಸಿಂಗ್ ಬೇಡ, ಕೂತವರು ಜಾರುತ್ತಾರೆ, ಬಿಳಿ ಪಂಚೆಗೆ ಜಿಡ್ಡು ಹತ್ತುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಟಚ್‌ಸ್ಕ್ರೀನ್, ಮೀಟರಿನ ಮೇಲಿನ ಪಾರದರ್ಶಕ ಪ್ಲಾಸ್ಟಿಕ್, ಪಿಯಾನೋ ಬ್ಲ್ಯಾಕ್ ಎಂದು ಕರೆಯುವ ಕನ್ನಡಿಯಂಥ ಕಪ್ಪು ಪಟ್ಟಿಗಳಿಗೆ ಹಸಿ ಮೈಕ್ರೋಫೈಬರ್ ಬಟ್ಟೆಯ ಹೊರತು ಮತ್ತೇನೂ ಬೇಡ. ಕೆಲವು ಹಳೆಯ ಕಾರುಗಳಲ್ಲಿ ಸ್ವಿಚ್ಚು, ಹಿಡಿಗಳ ಮೇಲಿನ ಮೆದು ಲೇಪ ತೇವಾಂಶಕ್ಕೆ ಒಡೆದು ಅಂಟಂಟಾಗುತ್ತದೆ. ಅದರ ಮೇಲೆ ಡ್ರೆಸ್ಸಿಂಗ್ ಹಚ್ಚಿದರೆ ಅಂಟು ಹೋಗುವುದಿಲ್ಲ, ಧೂಳು ಮಾತ್ರ ಹೆಚ್ಚುತ್ತದೆ. ಆ ಲೇಪವನ್ನೇ ತೆಗೆಯಬೇಕಾಗುತ್ತದೆ.

ಹೊರಗಿನ ಕಪ್ಪು ಪ್ಲಾಸ್ಟಿಕ್ಕಿನ ಕಥೆ ಬೇರೆ. ಈಗಿನ ಸಣ್ಣ ಎಸ್‌ಯುವಿಗಳಲ್ಲಿ ಚಕ್ರದ ಸುತ್ತ, ಬಾಗಿಲಿನ ಕೆಳಗೆ, ಬಂಪರಿನ ಅಂಚಿನಲ್ಲಿ ಬಣ್ಣ ಬಳಿಯದ ಪ್ಲಾಸ್ಟಿಕ್ ಮೊಳಗಟ್ಟಲೆ ಇರುತ್ತದೆ. ಅದು ಬಹುಮಟ್ಟಿಗೆ ಪಾಲಿಪ್ರೊಪಿಲೀನ್. ಬಿಸಿಲಿಗೆ ಅದರ ಮೇಲ್ಮೈಯ ಅಣುಸರಪಳಿಗಳು ತುಂಡಾಗಿ ಕಣ್ಣಿಗೆ ಕಾಣದ ಬಿರುಕುಗಳು ಮೂಡುತ್ತವೆ, ಅವುಗಳ ಮೇಲೆ ಬಿದ್ದ ಬೆಳಕು ಚದುರಿ ಪ್ಲಾಸ್ಟಿಕ್ ಬೂದಿ ಬಣ್ಣಕ್ಕೆ ತಿರುಗಿದಂತೆ ತೋರುತ್ತದೆ. ಡ್ರೆಸ್ಸಿಂಗ್ ಮಾಡುವ ಕೆಲಸವೆಂದರೆ ಆ ಬಿರುಕುಗಳನ್ನು ತುಂಬಿ ಬೆಳಕು ಚದುರದಂತೆ ನೋಡಿಕೊಳ್ಳುವುದು. ಆದುದರಿಂದ ಕೊಳ್ಳುವ ಮೊದಲು ಆ ಭಾಗದ ಮೇಲೆ ನೀರು ಚಿಮುಕಿಸಿ ನೋಡಿ. ಒದ್ದೆಯಾದಾಗ ಕಡುಗಪ್ಪಾದರೆ ಸಾದಾ ಡ್ರೆಸ್ಸಿಂಗ್ ಹಚ್ಚಿದರೂ ಕಪ್ಪಾಗುತ್ತದೆ. ಒದ್ದೆಯಾದರೂ ಬೂದಿಯಾಗಿಯೇ ಉಳಿದರೆ ಪ್ಲಾಸ್ಟಿಕ್ ಆಳಕ್ಕೆ ಕೆಟ್ಟಿದೆ. ಅದಕ್ಕೆ ಬಣ್ಣ ಸೇರಿಸಿದ ಟ್ರಿಮ್ ರಿಸ್ಟೋರರ್ ಅಥವಾ ತಿಂಗಳುಗಟ್ಟಲೆ ಬಾಳುವ ಸೆರಾಮಿಕ್ ಟ್ರಿಮ್ ಕೋಟಿಂಗ್ ಬೇಕು. ಸಣ್ಣ ಶೀಶೆಗೇ ಹೆಚ್ಚು ಬೆಲೆಯಿರುವ ಈ ಕೋಟಿಂಗ್, ತಿಂಗಳಿಗೊಮ್ಮೆ ಹಚ್ಚುವ ತಾಪತ್ರಯ ಬೇಡವೆನ್ನುವವರಿಗೆ ಒಟ್ಟಾರೆ ದುಬಾರಿಯೇನಲ್ಲ. ಹೀಟ್ ಗನ್ ಹಿಡಿದು ಪ್ಲಾಸ್ಟಿಕ್ಕನ್ನು ಕಪ್ಪಾಗಿಸುವ ವಿಡಿಯೋಗಳನ್ನು ನೋಡಿ ಮರುಳಾಗಬಾರದು. ಮೇಲ್ಮೈ ಕರಗಿ ತಾತ್ಕಾಲಿಕವಾಗಿ ಕಪ್ಪಾದರೂ ಮತ್ತೆ ಬೂದಿಯಾಗುವುದು ಖಚಿತ, ಕೈ ಸ್ವಲ್ಪ ತಡೆದರೆ ಆಕಾರವೇ ಸೊಟ್ಟಗಾಗುತ್ತದೆ.

ಬಾಗಿಲಿನ ರಬ್ಬರ್ ಬೀಡಿಂಗ್ ಅನ್ನು ಯಾರೂ ನೆನೆಯುವುದಿಲ್ಲ. ಅದು ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರು. ಬಿಸಿಲು ಮಳೆಗಳನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಪೆಟ್ರೋಲಿಯಂ ಎಣ್ಣೆ, ಗ್ರೀಸು ತಾಗಿದರೆ ಉಬ್ಬುತ್ತದೆ. ಒಳಭಾಗಕ್ಕೆ ಬಳಸುವ ನೀರಿನ ಡ್ರೆಸ್ಸಿಂಗನ್ನೇ ಬಟ್ಟೆಗೆ ಹಾಕಿ ಬೀಡಿಂಗಿನುದ್ದಕ್ಕೂ ಒಮ್ಮೆ ಎಳೆದರೆ ಬಾಗಿಲು ಅಂಟುವುದೂ ಕಿರುಗುಡುವುದೂ ನಿಲ್ಲುತ್ತದೆ.

ಟೈರಿನ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸುವುದು ಒಳ್ಳೆಯದು. ಟೈರು ಕಪ್ಪಗಿರುವುದು ಅದರಲ್ಲಿರುವ ಕಾರ್ಬನ್ ಬ್ಲ್ಯಾಕ್‌ನಿಂದ. ಬಿಸಿಲಿನ ಕಿರಣಗಳನ್ನು ಹೀರಿಕೊಂಡು ರಬ್ಬರನ್ನು ಕಾಯುವುದೂ ಅದೇ. ಓಝೋನ್ ಅನಿಲದಿಂದ ರಬ್ಬರು ಬಿರಿಯದಂತೆ ತಯಾರಕರು 6ಪಿಪಿಡಿಯಂಥ ರಾಸಾಯನಿಕವನ್ನೂ ಮೇಣವನ್ನೂ ಬೆರೆಸಿರುತ್ತಾರೆ. ಚಕ್ರ ಉರುಳಿ ಟೈರು ಬಾಗಿ ಏಳುತ್ತಿದ್ದಂತೆ ಇವು ಒಳಗಿನಿಂದ ಮೇಲ್ಮೈಗೆ ಜಿನುಗಿ ಬರುತ್ತವೆ, ಗಾಳಿಗೆ ಸೋಕಿ ಕಂದುಬಣ್ಣಕ್ಕೆ ತಿರುಗುತ್ತವೆ. ಟೈರಿನ ಪಕ್ಕದಲ್ಲಿ ಕಾಣುವ ಆ ಕಂದು ಛಾಯೆ ಬರಿಯ ಕೊಳೆಯಲ್ಲ, ರಬ್ಬರು ತನ್ನನ್ನು ತಾನು ಕಾಯ್ದುಕೊಂಡ ಗುರುತು. ಅಂದಮೇಲೆ ದಿನವೂ ಓಡುವ ಕಾರಿನ ಟೈರಿಗೆ ಡ್ರೆಸ್ಸಿಂಗ್ ಬಹುಮಟ್ಟಿಗೆ ಅಂದದ ವಸ್ತು, ಪ್ರಾಣರಕ್ಷಕ ಔಷಧವಲ್ಲ. ಅದನ್ನು ಹಾಗೆಂದು ಒಪ್ಪಿಕೊಂಡೇ ಕೊಳ್ಳಬೇಕು. ನನ್ನ ಆಯ್ಕೆ ಇಲ್ಲಿಯೂ ನೀರಿನ ಬಗೆಯೇ, ಆದರೆ ಒಳಭಾಗದ್ದಕ್ಕಿಂತ ಗಟ್ಟಿಯಾದದ್ದು. ಮಳೆ ಜಾಸ್ತಿಯಿರುವ ಊರಿನವರು ಬಾಳಿಕೆಗಾಗಿ ದಪ್ಪ ಜೆಲ್ ರೂಪದ್ದನ್ನು ತೆಗೆದುಕೊಳ್ಳಬಹುದು.

ವಾಟರ್ ಸರ್ವಿಸ್ ಮಾಡುವ ಕೆಲವೆಡೆ ಟೈರಿಗೆ ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್ ಒರೆಸುವ ರೂಢಿಯಿದೆ. ಪುಕ್ಕಟೆ ಹೊಳಪು ಸಿಗುತ್ತದೆಂಬುದು ನಿಜ. ರಬ್ಬರು ಮೆತ್ತಗಾಗಿ ಕೆಡುತ್ತದೆಂಬುದೂ ಅಷ್ಟೇ ನಿಜ. ಬೇಡವೆಂದು ಮೊದಲೇ ಹೇಳಿಬಿಡಿ. ಪ್ಲಾಸ್ಟಿಕ್ಕಿಗೆ ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ: ಎರಡು ದಿನ ಕಪ್ಪಗೆ ಕಾಣುತ್ತದೆ, ಮೂರನೆಯ ದಿನಕ್ಕೆ ಧೂಳಿನ ಕೆನೆ ಕಟ್ಟುತ್ತದೆ, ಆಮೇಲೆ ಕಮಟು ವಾಸನೆ. ಅಗ್ಗದ ಮನೆಮದ್ದು ಬೇಕೇಬೇಕೆಂದರೆ ಔಷಧಿ ಅಂಗಡಿಯ ಗ್ಲಿಸರಿನ್ನನ್ನು ಸಮಪಾಲು ನೀರಿನಲ್ಲಿ ಬೆರೆಸಿ ಟೈರಿಗೆ ಹಚ್ಚಬಹುದು. ರಬ್ಬರಿಗೆ ಹಾನಿಯಿಲ್ಲ, ಆದರೆ ಗ್ಲಿಸರಿನ್ ನೀರಿನಲ್ಲಿ ಕರಗುವುದರಿಂದ ಮೊದಲ ಮಳೆಗೇ ತೊಳೆದುಹೋಗುತ್ತದೆ. ಒಂದು ದಿನದ ಮದುವೆ ಮೆರವಣಿಗೆಗೆ ಅಡ್ಡಿಯಿಲ್ಲ.

ಮೂರನೆಯ ಹೆಜ್ಜೆ: ಬೆಲೆಯ ಲೆಕ್ಕ

ಬಾಟಲಿಯ ಬೆಲೆ ನೋಡಿ ಅಗ್ಗ ತುಟ್ಟಿ ಎಂದು ತೀರ್ಮಾನಿಸುವುದು ತಪ್ಪು. ನಮ್ಮ ದೇಶದಲ್ಲಿ ಈಗ ಪೊಟ್ಟಣಗಳ ಮೇಲೆ ಎಂಆರ್‌ಪಿಯ ಜೊತೆಗೆ ಯೂನಿಟ್ ಸೇಲ್ ಪ್ರೈಸ್, ಅಂದರೆ ಒಂದು ಮಿಲಿಲೀಟರಿಗೆ ಇಷ್ಟು ಎಂಬ ದರವನ್ನೂ ಅಚ್ಚು ಮಾಡುತ್ತಾರೆ. ಚಿಕ್ಕ ಅಕ್ಷರದಲ್ಲಿರುವ ಆ ಸಂಖ್ಯೆಯನ್ನೇ ಹೋಲಿಸಿ ನೋಡಬೇಕು.

ಅದಕ್ಕೂ ಮುಂದಿನ ಲೆಕ್ಕ ಕಾನ್ಸಂಟ್ರೇಟ್‌ಗಳದು, ಎಂದರೆ ನೀರು ಬೆರೆಸಿ ಬಳಸುವ ಗಟ್ಟಿ ಡ್ರೆಸ್ಸಿಂಗ್‌ಗಳದು. ಮೆಗ್ವಾಯರ್ಸ್ ಕಂಪನಿಯ ಹೈಪರ್ ಡ್ರೆಸ್ಸಿಂಗ್ ಅನ್ನು ಒಂದು ಪಾಲಿಗೆ ನಾಲ್ಕು ಪಾಲಿನವರೆಗೂ ನೀರು ಸೇರಿಸಿ ಬಳಸಬಹುದು. ಕಾರ್‌ಪ್ರೋ ಕಂಪನಿಯ ಪರ್ಲ್ ಎಂಬುದಕ್ಕೆ ತಯಾರಕರು ಸೂಚಿಸುವ ಪ್ರಮಾಣ ಟೈರಿಗೆ ಒಂದಕ್ಕೆ ಒಂದು, ಹೊರಗಿನ ಪ್ಲಾಸ್ಟಿಕ್ಕಿಗೆ ಒಂದಕ್ಕೆ ಮೂರು, ಒಳಭಾಗಕ್ಕೆ ಒಂದಕ್ಕೆ ಐದು. ನೀರು ಹೆಚ್ಚಾದಷ್ಟೂ ಹೊಳಪು ಮಂದವಾಗುವುದರಿಂದ ಒಂದೇ ಬಾಟಲಿ ಮೂರೂ ಕೆಲಸಕ್ಕೆ ಒದಗುತ್ತದೆ ಎಂಬುದು ಇಲ್ಲಿನ ಅನುಕೂಲ.

ಉದಾಹರಣೆಗೆ 250 ಮಿಲಿಲೀಟರಿನ ಸಿದ್ಧ ಡ್ರೆಸ್ಸಿಂಗಿಗೆ 300 ರೂಪಾಯಿ ಎಂದಿಟ್ಟುಕೊಳ್ಳೋಣ. ಮಿಲಿಲೀಟರಿಗೆ 1 ರೂಪಾಯಿ 20 ಪೈಸೆ ಆಯಿತು. 500 ಮಿಲಿಲೀಟರಿನ ಕಾನ್ಸಂಟ್ರೇಟಿಗೆ 1,000 ರೂಪಾಯಿ ಎಂದುಕೊಂಡರೆ ಕೈ ಹಿಂದೆಗೆಯುತ್ತದೆ. ಆದರೆ ಒಂದಕ್ಕೆ ನಾಲ್ಕರಂತೆ ನೀರು ಬೆರೆಸಿದಾಗ ಅದು ಎರಡೂವರೆ ಲೀಟರಾಗುತ್ತದೆ, ಮಿಲಿಲೀಟರಿಗೆ 40 ಪೈಸೆ ಬೀಳುತ್ತದೆ. ಅದನ್ನೇ ಟೈರಿಗೆ ಒಂದಕ್ಕೆ ಒಂದರಂತೆ ಬಳಸಿದರೆ 1 ರೂಪಾಯಿ. ಅಂದರೆ ಉಳಿತಾಯ ಅಷ್ಟಕ್ಕಷ್ಟೆ. ಆದ್ದರಿಂದ ಕಾನ್ಸಂಟ್ರೇಟಿನ ಲಾಭ ಇರುವುದು ಒಳಭಾಗಕ್ಕೂ ಹೊರಗಿನ ಪ್ಲಾಸ್ಟಿಕ್ಕಿಗೂ ಬಳಸುವಾಗ. ಮನೆಯಲ್ಲಿ ಎರಡು ಮೂರು ಕಾರುಗಳಿದ್ದರೆ, ಅಥವಾ ಅಕ್ಕಪಕ್ಕದ ಮನೆಯವರು ಸೇರಿ ಹಂಚಿಕೊಂಡರೆ ಅದು ಜಾಣತನದ ಖರೀದಿ. ಒಂದೇ ಕಾರು, ಅದೂ ತಿಂಗಳಿಗೊಮ್ಮೆ ಒರೆಸುವವರಿಗೆ 3ಎಂ, ವೇವೆಕ್ಸ್, ವ್ಯಾಕ್ಸ್‌ಪೋಲ್, ಪಿಡಿಲೈಟ್‌ನ ಮೋಟೋಮ್ಯಾಕ್ಸ್ ಮೊದಲಾದ ಹೆಸರುಗಳಲ್ಲಿ ಇಲ್ಲೇ ಸುಲಭವಾಗಿ ಸಿಗುವ ಸಿದ್ಧ ಬಾಟಲಿ ಸಾಕು. ಆಮದಾಗಿ ಬರುವ ವಸ್ತುಗಳಿಗೆ ಸುಂಕ, ಸಾಗಣೆ ಸೇರಿ ಬೆಲೆ ಏರಿರುತ್ತದೆ. ಒಂದು ಹಿಡಿ ಡ್ಯಾಶ್‌ಬೋರ್ಡಿಗಾಗಿ ಅವುಗಳ ಬೆನ್ನು ಹತ್ತಬೇಕಾಗಿಲ್ಲ.

ನೀರು ಬೆರೆಸುವಾಗ ಎರಡು ಎಚ್ಚರಿಕೆ. ಬೋರ್‌ವೆಲ್ಲಿನ ಗಡಸು ನೀರು ಎಮಲ್ಷನ್ನನ್ನು, ಅಂದರೆ ನೀರಿನಲ್ಲಿ ಎಣ್ಣೆಹನಿಗಳು ತೇಲುವ ಮಿಶ್ರಣವನ್ನು, ಒಡೆಯಬಹುದು, ಒಣಗಿದ ಮೇಲೆ ಬಿಳಿ ಕಲೆಯನ್ನೂ ಬಿಡುತ್ತದೆ. ಯುಪಿಎಸ್ ಬ್ಯಾಟರಿಗೆಂದು ಪೆಟ್ರೋಲ್ ಬಂಕು, ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಮಾರುವ ಡಿಸ್ಟಿಲ್ಡ್ ವಾಟರ್ ಬಳಸಿ. ಎರಡನೆಯದಾಗಿ, ನೀರು ಹೆಚ್ಚಿಸಿದಾಗ ಅದರಲ್ಲಿರುವ ಕೆಡದಂತೆ ಕಾಯುವ ಅಂಶವೂ ತೆಳುವಾಗುತ್ತದೆ. ಒಂದೆರಡು ತಿಂಗಳಿಗೆ ಬೇಕಾದಷ್ಟನ್ನೇ ಬೆರೆಸಿ, ಸ್ಪ್ರೇ ಬಾಟಲಿಯ ಮೇಲೆ ಪ್ರಮಾಣವನ್ನೂ ದಿನಾಂಕವನ್ನೂ ಬರೆದಿಡಿ.

ವಾಟರ್ ಸರ್ವಿಸ್‌ನವರು ಕೊಳ್ಳುವ ಐದು ಲೀಟರಿನ ಹೆಸರಿಲ್ಲದ ಕ್ಯಾನುಗಳೂ ಪೇಟೆಯಲ್ಲಿವೆ. ಅವುಗಳಲ್ಲಿ ಒಳ್ಳೆಯವೂ ಇರುತ್ತವೆ. ಆದರೆ ಏನು ಬೆರೆಸಿದ್ದಾರೆಂಬ ಬರಹವಿಲ್ಲದ್ದನ್ನು ಕಾರಿನ ಒಳಗೆ ಬಳಸಬಾರದು. ವಾಹನಗಳ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕೊಳ್ಳುವಾಗ ತಯಾರಾದ ತಿಂಗಳು, ಮುಚ್ಚಳದ ಸೀಲು ನೋಡಿ. ಬಾಟಲಿಯನ್ನು ಅಲುಗಿಸಿದ ಮೇಲೂ ಎಣ್ಣೆ ಮೇಲೆ, ನೀರು ಕೆಳಗೆ ಬೇರೆಬೇರೆಯಾಗಿ ನಿಂತಿದ್ದರೆ ಆ ಸರಕು ಹಳತಾಗಿದೆ.

ನಾಲ್ಕನೆಯ ಹೆಜ್ಜೆ: ಹಚ್ಚುವ ಮುನ್ನ ತೊಳೆಯುವುದು

ಡ್ರೆಸ್ಸಿಂಗ್ ಬಾಳುವುದು ಬಿಡುವುದು ಬಾಟಲಿಗಿಂತ ಹೆಚ್ಚಾಗಿ ಈ ಹೆಜ್ಜೆಯ ಮೇಲೆ ನಿಂತಿದೆ. ಧೂಳಿನ ಮೇಲೆ ಹಚ್ಚಿದ್ದು ಧೂಳಿಗೇ ಅಂಟಿಕೊಂಡು ಅದರೊಂದಿಗೇ ಉದುರುತ್ತದೆ.

ಡ್ಯಾಶ್‌ಬೋರ್ಡಿನ ಧೂಳನ್ನು ಮೊದಲು ಮೆತ್ತನೆಯ ಬ್ರಷ್ಷಿನಿಂದ ಕೊಡವಿ, ಆಮೇಲೆ ಒಂದು ಮಗ್ಗು ನೀರಿಗೆ ಎರಡು ಹನಿ ಮೃದು ಸೋಪು ಹಾಕಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಸ್ವಿಚ್ಚುಗಳೊಳಗೆ ನೀರಿಳಿಯಬಾರದು. ಹಳೆಯ ಡ್ರೆಸ್ಸಿಂಗಿನ ಪದರಗಳು ಜಿಡ್ಡಾಗಿ ಕೂತಿದ್ದರೆ ಎರಡು ಸಲ ಒರೆಸಬೇಕಾಗುತ್ತದೆ.

ಟೈರಿಗೆ ಗಟ್ಟಿ ಎಳೆಯ ಬ್ರಷ್ಷು ಬೇಕು. ಟೈರನ್ನು ಒದ್ದೆ ಮಾಡಿ, ಕಾರ್ ಶಾಂಪೂವನ್ನು ತುಸು ಗಟ್ಟಿಯಾಗಿ ಕಲಸಿ ಉಜ್ಜತೊಡಗಿದರೆ ಮೊದಲು ಏಳುವ ನೊರೆ ಕಾಫಿಯ ಡಿಕಾಕ್ಷನ್ನಿನ ಬಣ್ಣದ್ದಾಗಿರುತ್ತದೆ. ತೊಳೆದು ಮತ್ತೆ ಉಜ್ಜಿದಾಗ ಬಣ್ಣ ತೆಳುವಾಗುತ್ತದೆ. ನೊರೆ ಬೆಳ್ಳಗೆ ಬರುವವರೆಗೂ ಹೀಗೆ ಮಾಡಬೇಕು. ಬಹಳ ದಿನ ತೊಳೆಯದ ಟೈರಿಗೆ ಮೂರು ನಾಲ್ಕು ಸುತ್ತು ಹಿಡಿದರೂ ಆಶ್ಚರ್ಯವಿಲ್ಲ. ಕಂದು ಪದರದ ಮೇಲೆಯೇ ಹಚ್ಚಿದ ಡ್ರೆಸ್ಸಿಂಗ್ ಒಂದೆರಡು ದಿನದಲ್ಲಿ ಕೆಂಪಗೆ ತಿರುಗಿ, ಸರಕು ಕೆಟ್ಟದ್ದೆಂಬ ಅಪವಾದ ಹೊರುತ್ತದೆ. ತೊಳೆದ ಟೈರು ಪೂರ್ತಿ ಒಣಗಲಿ. ಅಕ್ಷರಗಳ ಸಂದಿಯಲ್ಲಿ, ರಿಮ್ಮಿನ ಅಂಚಿನಲ್ಲಿ ನೀರು ಅಡಗಿರುತ್ತದೆ.

ಹೀಗೆ ತೊಳೆದ ಹೊತ್ತೇ ಟೈರನ್ನು ಪರೀಕ್ಷಿಸಲು ಸರಿಯಾದ ಸಮಯ. ಪಕ್ಕದ ಗೋಡೆಯಲ್ಲಿ ಕೂದಲೆಳೆಯ ಬಿರುಕುಗಳಿವೆಯೇ, ಉಬ್ಬು ಎದ್ದಿದೆಯೇ ನೋಡಿ. ಅದೇ ಗೋಡೆಯ ಮೇಲೆ ಡಿಒಟಿ (DOT) ಎಂಬ ಅಕ್ಷರಗಳಿಂದ ಆರಂಭವಾಗುವ ಸಂಕೇತದ ಕೊನೆಯ ನಾಲ್ಕು ಅಂಕೆಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದರೆ 2019ರ 23ನೆಯ ವಾರ. ಹೊಳಪು ಹಚ್ಚಿದ ಮೇಲೆ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಟೈರುಗಳು ವಿಪರೀತ ಮಿಂಚುತ್ತಿದ್ದರೆ ಬಟ್ಟೆಯಿಂದ ಒರೆಸಿಯೇ ನೋಡಬೇಕು.

ಐದನೆಯ ಹೆಜ್ಜೆ: ಹಚ್ಚುವುದು

ನೆರಳಿನಲ್ಲಿ, ಮೇಲ್ಮೈ ತಣ್ಣಗಿರುವಾಗ ಹಚ್ಚಬೇಕು. ಹೊಸ ಬಾಟಲಿಯಾದರೆ ಸೀಟಿನ ಪಕ್ಕದಂಥ ಕಣ್ಣಿಗೆ ಬೀಳದ ಜಾಗದಲ್ಲಿ ಸ್ವಲ್ಪ ಹಚ್ಚಿ ಮರುದಿನ ನೋಡಿ. ಬಣ್ಣ ಮಾಸದೆ, ಅಂಟದೆ ಇದ್ದರೆ ಮುಂದುವರಿಯಿರಿ.

ಒಳಭಾಗದಲ್ಲಿ ನೇರವಾಗಿ ಸಿಂಪಡಿಸಬೇಡಿ. ಹನಿಗಳು ಗಾಜಿಗೆ, ಪರದೆಗೆ, ಸ್ಟೀರಿಂಗಿಗೆ ಹಾರುತ್ತವೆ. ಮೈಕ್ರೋಫೈಬರ್ ಬಟ್ಟೆಗೋ ಸ್ಪಂಜಿಗೋ ಎರಡು ಸಲ ಸಿಂಪಡಿಸಿಕೊಂಡು, ಒಂದೊಂದೇ ಭಾಗಕ್ಕೆ ತೆಳುವಾಗಿ ಹರಡಿ, ಒಂದೆರಡು ನಿಮಿಷ ಬಿಟ್ಟು ಇನ್ನೊಂದು ಒಣ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ. ಒರೆಸಿದ ಮೇಲೂ ಉಳಿದದ್ದೇ ರಕ್ಷಣೆಗೆ ಸಾಕು. ಅರ್ಧ ಗಂಟೆಯ ನಂತರ ಬಿಳಿಯ ಟಿಶ್ಯೂ ಕಾಗದ ಒತ್ತಿ ನೋಡಿ. ಜಿಡ್ಡಿನ ಗುರುತು ಮೂಡಿದರೆ ಇನ್ನೊಮ್ಮೆ ಒರೆಸಬೇಕೆಂದು ಅರ್ಥ. ಹೊರಗಿನ ಒರಟು ಪ್ಲಾಸ್ಟಿಕ್ಕಿಗೂ ಕ್ರಮ ಇದೇ, ಆದರೆ ತರಿತರಿಯಾದ ಮೈಯ ಸಂದುಗಳೊಳಗೆ ಇಳಿಯುವಂತೆ ಸ್ಪಂಜನ್ನು ಗುಂಡಗೆ ಆಡಿಸಬೇಕು. ಅಲ್ಲಿ ಹಿಂದೆಂದೋ ವ್ಯಾಕ್ಸ್ ತಾಗಿ ಬಿಳಿ ಕಲೆಗಳು ಉಳಿದಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಪುನೀರಿನಿಂದ ಮೊದಲು ತೆಗೆಯಿರಿ.

ಟೈರಿಗೆ ಒಂದು ಚಹಾ ಚಮಚೆಯಷ್ಟು, ಅಂದರೆ ಸುಮಾರು 5 ಮಿಲಿಲೀಟರ್ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಹಚ್ಚಿದ್ದು ಗಾಡಿ ಓಡುವಾಗ ಚಿಮ್ಮಿ ಫೆಂಡರಿನ ಮೇಲೆ, ಬಾಗಿಲಿನ ಕೆಳಭಾಗದಲ್ಲಿ ಕಪ್ಪು ಚುಕ್ಕಿಗಳ ಸಾಲಾಗುತ್ತದೆ. ಸ್ಪಂಜಿನಿಂದ ಪಕ್ಕದ ಗೋಡೆಗೆ ಮಾತ್ರ ಹಚ್ಚಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಹಳೆಯ ಬಟ್ಟೆಯಿಂದ ಒಮ್ಮೆ ಒರೆಸಿ, ಆಮೇಲೇ ಗಾಡಿ ತೆಗೆಯಿರಿ. ಹೆಚ್ಚು ಕಪ್ಪು ಬೇಕೆನಿಸಿದರೆ ಒಂದೇ ದಪ್ಪ ಕೋಟಿನ ಬದಲು ಒಣಗಿದ ಮೇಲೆ ಎರಡನೆಯ ತೆಳು ಕೋಟು. ಆಯುಧ ಪೂಜೆಗೆಂದು ಹಚ್ಚುವವರು ಹಿಂದಿನ ಸಂಜೆಯೇ ಮುಗಿಸಿದರೆ ಒಳಿತು. ಹಸಿ ಡ್ರೆಸ್ಸಿಂಗಿನ ಮೇಲೆ ಬಿದ್ದ ಕುಂಕುಮ, ಅರಿಸಿನ ಅಲ್ಲೇ ಕೆಸರಾಗಿ ಕೂರುತ್ತವೆ.

ಎಲ್ಲಿ ಹಚ್ಚಲೇಬಾರದು

ಸ್ಟೀರಿಂಗ್, ಗೇರಿನ ಹಿಡಿ, ಹ್ಯಾಂಡ್ ಬ್ರೇಕ್, ಮೂರೂ ಪೆಡಲುಗಳು, ಕಾಲಡಿಯ ರಬ್ಬರ್ ಮ್ಯಾಟು, ಸೀಟ್ ಬೆಲ್ಟು: ಇವುಗಳಲ್ಲಿ ಯಾವುದು ಜಾರಿದರೂ ಅಪಾಯ. ಟೈರಿನಲ್ಲಿ ನೆಲಕ್ಕೆ ತಾಗುವ ಬಟನ್ ಭಾಗಕ್ಕೆ ಸೋಕಬಾರದು. ಬ್ರೇಕ್ ಡಿಸ್ಕಿಗೆ ತಾಗಿದರೆ ಬ್ರೇಕು ಹಿಡಿಯುವುದಿಲ್ಲ. ಆದ್ದರಿಂದಲೇ ಅಲಾಯ್ ಚಕ್ರಗಳಿದ್ದಲ್ಲಿ ಸ್ಪ್ರೇಗಿಂತ ಸ್ಪಂಜು ಮೇಲು. ಬೈಕು ಸ್ಕೂಟರುಗಳ ಟೈರಿಗಂತೂ ಎಂದೆಂದಿಗೂ ಬೇಡ. ತಿರುವಿನಲ್ಲಿ ಗಾಡಿ ವಾಲಿದಾಗ ಟೈರಿನ ಅಂಚೇ ನೆಲಕ್ಕೆ ತಾಗುತ್ತದೆ.

ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ ವಿಗ್ರಹವನ್ನೋ ಮೊಬೈಲ್ ಹೋಲ್ಡರನ್ನೋ ಅಂಟಿಸುವ ಯೋಚನೆಯಿದ್ದರೆ ಆ ಜಾಗವನ್ನು ಬಿಟ್ಟು ಹಚ್ಚಿ. ಸಿಲಿಕೋನಿನ ಮೇಲೆ ಯಾವ ಡಬಲ್ ಸೈಡ್ ಟೇಪೂ ನಿಲ್ಲುವುದಿಲ್ಲ.

ಎಷ್ಟು ದಿನಕ್ಕೊಮ್ಮೆ, ಯಾವ ಊರಿಗೆ ಹೇಗೆ

ನೀರಿನ ಬಗೆಯ ಡ್ರೆಸ್ಸಿಂಗ್ ಒಳಭಾಗದಲ್ಲಿ ಒಂದೆರಡು ತಿಂಗಳು, ಹೊರಗಿನ ಪ್ಲಾಸ್ಟಿಕ್ಕಿನ ಮೇಲೆ ಎರಡು ಮೂರು ವಾರ, ಟೈರಿನ ಮೇಲೆ ಒಂದೆರಡು ವಾರ ನಿಂತರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಬಾಟಲಿಯ ಮೇಲೆ ಆರು ತಿಂಗಳು ಎಂದಿದ್ದರೂ ಹೊರಭಾಗದ ಮಟ್ಟಿಗೆ ಅದನ್ನು ನೆಚ್ಚಬೇಕಾಗಿಲ್ಲ.

ಕಲಬುರಗಿ, ರಾಯಚೂರು ಕಡೆಯ ಬಿಸಿಲು 40 ಡಿಗ್ರಿ ದಾಟುವಂಥದ್ದು, ಜೊತೆಗೆ ಎರೆಮಣ್ಣಿನ ಧೂಳು. ಅಲ್ಲಿ ಹೊಳಪಿನ ಆಸೆ ಬಿಟ್ಟು, ಒಣಗಿದಾಗ ಕೈಗೆ ಏನೂ ತಾಗದಂಥ ಮ್ಯಾಟ್ ಬಗೆಯನ್ನೇ ಬಳಸಬೇಕು. ಜಿಡ್ಡಿದ್ದಲ್ಲಿ ಧೂಳು ಬಂದು ಕೂರುವುದು ನಿಶ್ಚಿತ. ಕರಾವಳಿ, ಮಲೆನಾಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೈರಿಗೆ ಹಚ್ಚುವುದು ಬಹುಪಾಲು ವ್ಯರ್ಥ. ಆ ದುಡ್ಡು ಉಳಿಸಿ, ಮಳೆಗಾಲಕ್ಕೆ ಮೊದಲೊಮ್ಮೆ ಬೀಡಿಂಗ್‌ಗಳಿಗೂ ಕಪ್ಪು ಪ್ಲಾಸ್ಟಿಕ್ಕಿಗೂ ಚೆನ್ನಾಗಿ ಹಚ್ಚಿದರೆ ಕೆಮ್ಮಣ್ಣಿನ ಕೆಸರು ಆಳಕ್ಕೆ ಕಚ್ಚದೆ ನೀರು ಹೊಯ್ದೊಡನೆ ಇಳಿಯುತ್ತದೆ. ಮುಚ್ಚಿಟ್ಟ ಕಾರಿನೊಳಗೆ ಬೂಸ್ಟು ಹಿಡಿದಿದ್ದರೆ ಅದರ ಮೇಲೆ ಡ್ರೆಸ್ಸಿಂಗ್ ಹಚ್ಚಿ ಮುಚ್ಚಬಾರದು. ತೊಳೆದು, ಬಾಗಿಲು ತೆರೆದಿಟ್ಟು ಪೂರ್ತಿ ಒಣಗಿಸಿದ ಮೇಲಷ್ಟೇ ಮುಂದಿನ ಕೆಲಸ.

ಕೊನೆಗೆ ಎರಡು ವಿಷಯ. ಏರೋಸಾಲ್ ಡಬ್ಬಗಳನ್ನು ಡಿಕ್ಕಿಯಲ್ಲಾಗಲಿ ಸೀಟಿನ ಕೆಳಗಾಗಲಿ ಇಡಬೇಡಿ. 50 ಡಿಗ್ರಿಗಿಂತ ಹೆಚ್ಚಿನ ಶಾಖ ತಾಗಬಾರದೆಂದು ಅವುಗಳ ಮೇಲೇ ಬರೆದಿರುತ್ತದೆ, ಬಿಸಿಲಲ್ಲಿ ನಿಂತ ಕಾರು ಅದನ್ನು ಸುಲಭವಾಗಿ ಮೀರುತ್ತದೆ. ಎರಡನೆಯದು ಟಿಂಕರಿಂಗ್, ಪೇಂಟಿಂಗಿಗೆ ಗಾಡಿ ಬಿಡುವ ಸಂದರ್ಭ. ಸಿಲಿಕೋನಿನ ಲವಲೇಶ ಉಳಿದಿದ್ದರೂ ಹೊಸ ಬಣ್ಣ ಅಲ್ಲಿ ಕೂರದೆ ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ. ಬಂಪರಿನ ಅಂಚಿಗೋ ಬಾಗಿಲಿನ ಪಟ್ಟಿಗೋ ಡ್ರೆಸ್ಸಿಂಗ್ ಹಚ್ಚಿದ್ದನ್ನು ಶೆಡ್ಡಿನವರಿಗೆ ಮೊದಲೇ ತಿಳಿಸಿದರೆ ಅವರು ಸಾಲ್ವೆಂಟಿನಿಂದ ಒರೆಸಿಕೊಂಡು ಕೆಲಸ ಆರಂಭಿಸುತ್ತಾರೆ.